ತಪ್ಪಿತಸ್ಥನಿಗಿಂತ ಮೊದಲು ತಪ್ಪನ್ನು ಹುಡುಕೋಣ

(ಸಂಘದ ಕಂಪ್ಯೂಟರ್ ತರಬೇತಿ ಶಿಬಿರದ ಸಮಾರೋಪದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದ ಗೆಳೆಯರು ಕೇಳಿದಾಗ ವಿಷಯ ಆರಿಸಿಕೊಳ್ಳಲು ನಾನು ಹೆಚ್ಚು ಯೋಚಿಸಲಿಲ್ಲ. ಹೊಸ ತಂತ್ರಜ್ಞಾನದ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹಳೆಯ, ದಿನನಿತ್ಯದ ಒಂದು ತೊಂದರೆಯ ಬಗ್ಗೆ ಮಾತನಾಡುತ್ತೇನೆ. ಬೆಳಿಗ್ಗೆ ಲ್ಯಾಬಿಗೆ ಬಂದು ಕಂಪ್ಯೂಟರ್ ಚಾಲು ಮಾಡಿ, ಹೆಸರು ಮತ್ತು ಪಾಸ್‌ವರ್ಡ್ ಕೊಡುತ್ತೀರಿ. ‘ನಿಮ್ಮ ವಿನಂತಿಯನ್ನು ಪೂರೈಸಲು ಸದ್ಯ ಯಾವ ಲಾಗಾನ್ ಸರ್ವರ್ ಕೂಡ ಲಭ್ಯವಿಲ್ಲ’ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಪರದೆಯ ಮೇಲೆ ಬರುತ್ತದೆ. ಆಗ ಏನು ಮಾಡಬೇಕು? ಅದಕ್ಕಿಂತ ಮುಖ್ಯವಾಗಿ, ಏನು ಮಾಡಬಾರದು?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿತವನಲ್ಲ, ಒಂದು ದೊಡ್ಡ ತಪ್ಪು ಮಾಡಿ ಕಲಿತವನು. ಆ ತಪ್ಪಿನಿಂದ ಕಷ್ಟಪಟ್ಟದ್ದು ಯಂತ್ರವಲ್ಲ, ನಿಮ್ಮಂಥ ಒಬ್ಬ ವಿದ್ಯಾರ್ಥಿ.

2011ರ ಮಾತು. ಆಗ ನಾನು ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕನಾಗಿದ್ದೆ. ಮೂವತ್ತು ಕಂಪ್ಯೂಟರುಗಳು, ಎಲ್ಲದರಲ್ಲೂ ವಿಂಡೋಸ್ 7. ಪಕ್ಕದ ಕೋಣೆಯಲ್ಲಿ ಒಂದು ಸರ್ವರ್. ಅಂದು ಪ್ರಾಯೋಗಿಕ ಪರೀಕ್ಷೆ. ಹಿಂದಿನ ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳು ಬಂದು ಕುಳಿತರು. ಪರೀಕ್ಷೆಗೆಂದು ನಾವು ಹೊಸ ಖಾತೆಗಳನ್ನು ತೆರೆದಿದ್ದೆವು. ಕೆಲವು ಯಂತ್ರಗಳಲ್ಲಿ ಆ ಖಾತೆಗಳು ತೆರೆದುಕೊಂಡವು, ಹೆಚ್ಚಿನವುಗಳಲ್ಲಿ ತೆರೆಯಲಿಲ್ಲ. ‘ಲಾಗಾನ್ ಸರ್ವರ್ ಲಭ್ಯವಿಲ್ಲ.’

ನಾನು ಓಡಿಹೋಗಿ ಸರ್ವರ್ ನೋಡಿದೆ. ಅದು ಆರಾಮವಾಗಿ ನಡೆಯುತ್ತಿತ್ತು. ಹಾಗಾದರೆ ತೊಂದರೆ ಎಲ್ಲಿ? ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿ, “ಸಾರ್, ನನ್ನ ಹಳೆಯ ಹೆಸರಿನಲ್ಲಿ ಹೋಗುತ್ತದೆ ನೋಡಿ” ಎಂದು ತೋರಿಸಿದ. ನಿಜ. ಯಾವ ಯಂತ್ರದಲ್ಲಿ ಪರೀಕ್ಷೆಯ ಖಾತೆ ತೆರೆಯಲಿಲ್ಲವೋ ಅದೇ ಯಂತ್ರದಲ್ಲಿ ಅವನ ಸ್ವಂತ ಖಾತೆ ತೆರೆದುಕೊಂಡಿತು. ಅವನು ಹಿಂದಿನ ದಿನ ಸಂಜೆ ತಡವಾಗಿಯವರೆಗೂ ಅದೇ ಯಂತ್ರದಲ್ಲಿ ಕುಳಿತು ಅಭ್ಯಾಸ ಮಾಡಿದ್ದ. ಮೇಜಿನ ಹಿಂದೆ ಬಗ್ಗಿ ಏನೋ ವಯರ್ ಹಿಡಿದಿದ್ದನ್ನು ಒಬ್ಬರು ನೋಡಿದ್ದರು. ಇಷ್ಟು ಸಾಕಾಯಿತು. ಎಲ್ಲರದ್ದೂ ಹೋಗುವುದಿಲ್ಲ, ಇವನದ್ದು ಮಾತ್ರ ಹೋಗುತ್ತದೆ. ಹಾಗಾದರೆ ಇವನೇ ಏನೋ ಮಾಡಿದ್ದಾನೆ! ನಾನೂ ಹಾಗೆಯೇ ಹೇಳಿದೆ. ತಂತ್ರಜ್ಞ ಹೇಳಿದ ಮೇಲೆ ಉಳಿದವರು ನಂಬದೆ ಇರುತ್ತಾರೆಯೇ? ಹುಡುಗನನ್ನು ಪ್ರಾಂಶುಪಾಲರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಲಾಯಿತು. ಪರೀಕ್ಷೆಗೆ ಕೂರಲು ಬಿಡಬೇಕೇ ಬೇಡವೇ ಎಂಬ ಚರ್ಚೆ ಒಳಗೆ ನಡೆಯಿತು.

ಈ ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಹುಡುಗನ ಮೇಲೆ ಹೊರಿಸಿದ ಆರೋಪ ಎಷ್ಟು ಸರಿ ಎಂದು ನೀವೇ ತೀರ್ಮಾನಿಸಬೇಕಾದರೆ ಲಾಗಿನ್ ಎಂದರೇನು ಎಂಬುದು ತಿಳಿದಿರಬೇಕು.

ಮನೆಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್ ಆ ಯಂತ್ರದೊಳಗೇ ಇರುತ್ತದೆ. ಮೂವತ್ತು ಯಂತ್ರಗಳ ಲ್ಯಾಬಿನಲ್ಲಿ ಪ್ರತಿಯೊಂದರಲ್ಲೂ ಎಲ್ಲರ ಹೆಸರು ಬರೆದಿಡುವುದು ಸಾಧ್ಯವಾಗದ ಕೆಲಸ. ಆದ್ದರಿಂದ ಒಂದೇ ಕಡೆ ಒಂದು ಹಾಜರಿ ಪುಸ್ತಕ ಇಡುತ್ತಾರೆ. ಆ ಪುಸ್ತಕವನ್ನು ಇಟ್ಟುಕೊಂಡ ಯಂತ್ರಕ್ಕೆ ಡೊಮೈನ್ ಕಂಟ್ರೋಲರ್ ಎಂದು ಹೆಸರು. ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 2000ರ ಜೊತೆ ತಂದ ‘ಆಕ್ಟಿವ್ ಡೈರೆಕ್ಟರಿ’ ಎಂಬ ವ್ಯವಸ್ಥೆಯೇ ಇಂದಿಗೂ ಬಹಳಷ್ಟು ಕಾಲೇಜು, ಆಸ್ಪತ್ರೆ, ಬ್ಯಾಂಕು, ಕಚೇರಿಗಳಲ್ಲಿ ಈ ಪುಸ್ತಕವನ್ನು ನೋಡಿಕೊಳ್ಳುತ್ತದೆ. ನೀವು ಪಾಸ್‌ವರ್ಡ್ ಕೊಟ್ಟಾಗ ನಿಮ್ಮೆದುರಿನ ಯಂತ್ರ ಆ ಸರ್ವರನ್ನು ಹುಡುಕಿಕೊಂಡು ಹೋಗಿ, “ಇವರು ನಮ್ಮವರೇ?” ಎಂದು ಕೇಳುತ್ತದೆ. ಹುಡುಕಿ ಹೋಗುವ ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಪರದೆಯ ಮೇಲೆ ಬರುವುದು ಬಹುತೇಕ ಅದೇ ಒಂದು ಸಾಲು. ಸರ್ವರ್ ಸತ್ತಿದೆ ಎಂದು ಅದರ ಅರ್ಥವಲ್ಲ. ‘ನನಗೆ ಸರ್ವರ್ ಸಿಗಲಿಲ್ಲ’ ಎಂದಷ್ಟೇ ಅರ್ಥ.

ಆದ್ದರಿಂದ ಯಾವುದಕ್ಕೂ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಒಂದು, ತೊಂದರೆ ಒಂದೇ ಯಂತ್ರದಲ್ಲಿಯೋ, ಕೆಲವದರಲ್ಲಿಯೋ, ಎಲ್ಲದರಲ್ಲಿಯೋ? ಎರಡು, ಯಾವಾಗಿನಿಂದ? ಮೂರು, ಅದಕ್ಕೆ ಸ್ವಲ್ಪ ಮೊದಲು ಏನು ಬದಲಾಯಿತು? ಒಂದೇ ಯಂತ್ರದಲ್ಲಾದರೆ ಆ ಯಂತ್ರವನ್ನೂ ಅದರ ವಯರನ್ನೂ ನೋಡಬೇಕು. ಎಲ್ಲದರಲ್ಲೂ ಆದರೆ ಸರ್ವರನ್ನೂ ಸ್ವಿಚ್ಚನ್ನೂ ನೋಡಬೇಕು. ಕೆಲವದರಲ್ಲಿ ಮಾತ್ರ ಆದರೆ, ಸರಿ ಇರುವ ಒಂದು ಯಂತ್ರ, ಕೆಟ್ಟಿರುವ ಒಂದು ಯಂತ್ರ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕು.

ಅನಂತರ ಕೆಳಗಿನಿಂದ ಮೇಲಕ್ಕೆ, ಮೆಟ್ಟಿಲು ಹತ್ತಿದಂತೆ ಹೋಗಬೇಕು.

ಮೊದಲ ಮೆಟ್ಟಿಲು ವಯರ್. ಕಂಪ್ಯೂಟರಿನ ಹಿಂಬದಿ ವಯರ್ ಚುಚ್ಚುವ ಕಡೆ ಸಣ್ಣ ದೀಪ ಉರಿಯುತ್ತಿದೆಯೇ? ಸ್ವಿಚ್ಚಿನಲ್ಲಿ ಅದಕ್ಕೆ ಸಂಬಂಧಿಸಿದ ದೀಪ ಉರಿಯುತ್ತಿದೆಯೇ? ಇದನ್ನು ನೋಡಲು ನಾಚಿಕೆ ಬೇಡ. ಪಿನ್ನಿನ ಕೊಂಡಿ ಮುರಿದು ವಯರ್ ಅರ್ಧ ಹೊರಗೆ ಬಂದಿರುವುದು, ಗುಡಿಸುವಾಗ ಸ್ವಿಚ್ಚಿನ ಪ್ಲಗ್ ಕಳಚಿರುವುದು, ಇಲಿ ಕಡಿದಿರುವುದು ಇವೆಲ್ಲ ದೊಡ್ಡ ದೊಡ್ಡ ಕಾರಣಗಳಿಗಿಂತ ಸಾಮಾನ್ಯ. ಲ್ಯಾಪ್‌ಟಾಪ್ ಆದರೆ ಇನ್ನೊಂದು ವಿಷಯ: ಲಾಗಿನ್ ಪರದೆ ಬರುವ ಹೊತ್ತಿಗೆ ವೈಫೈ ಸಂಪರ್ಕ ಆಗಿರಲೇಬೇಕೆಂದಿಲ್ಲ. ಹೊಸಬರು ಮೊದಲ ಸಲ ಲಾಗಿನ್ ಆಗುವಾಗ ವಯರ್ ಹಾಕಿ ಪ್ರಯತ್ನಿಸಿ.

ಎರಡನೆಯ ಮೆಟ್ಟಿಲು ವಿಳಾಸ. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಸಾಮಾನ್ಯವಾಗಿ ಅದನ್ನು ಹಂಚುವುದು ಡಿಎಚ್‌ಸಿಪಿ ಎಂಬ ಸೇವೆ. ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ‘ಆಲ್’ ಎಂದು ಬರೆದರೆ ಯಂತ್ರದ ಜಾತಕವೇ ಹೊರಗೆ ಬರುತ್ತದೆ. ಅಲ್ಲಿ ವಿಳಾಸವು 169.254 ಎಂದು ಶುರುವಾಗಿದ್ದರೆ, ವಿಳಾಸ ಹಂಚುವವರು ಯಾರೂ ಸಿಗದೆ ಯಂತ್ರ ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದು ಅರ್ಥ. ವಿಳಾಸ ಸರಿಯಾಗಿ ಕಂಡರೂ ಅದು ನಿಮ್ಮ ಜಾಲದ್ದೇ ಹೌದೇ, ಅದನ್ನು ಕೊಟ್ಟ ಡಿಎಚ್‌ಸಿಪಿ ಸರ್ವರ್ ನಿಮ್ಮದೇ ಹೌದೇ ಎಂದು ನೋಡಬೇಕು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯ ಮೆಟ್ಟಿಲು ಹೆಸರು. ನನ್ನ ಅನುಭವದಲ್ಲಿ ಅತಿ ಹೆಚ್ಚು ತೊಂದರೆ ಇರುವುದು ಇಲ್ಲಿಯೇ. ಯಂತ್ರಕ್ಕೆ ಸರ್ವರಿನ ವಿಳಾಸ ಬಾಯಿಪಾಠ ಇರುವುದಿಲ್ಲ. ಅದು ಡಿಎನ್‌ಎಸ್ ಎಂಬ ಸೇವೆಯನ್ನು ಕೇಳುತ್ತದೆ: “ಈ ಡೊಮೈನಿನ ಲಾಗಿನ್ ನೋಡಿಕೊಳ್ಳುವವರು ಯಾರು? ಎಲ್ಲಿದ್ದಾರೆ?” ಈ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮ್ಮ ಸಂಸ್ಥೆಯ ಒಳಗಿನ ಡಿಎನ್‌ಎಸ್‌ಗೆ ಮಾತ್ರ. ನಮ್ಮೂರಿನ ‘ಬಾವಿಕರೆ ಮನೆ’ ಎಲ್ಲಿ ಎಂದು ಊರಿನ ಜಿನಸಿ ಅಂಗಡಿಯವರನ್ನು ಕೇಳಿದರೆ ಕೈ ಹಿಡಿದು ತೋರಿಸುತ್ತಾರೆ. ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಕೇಳಿದರೆ ‘ಅಂಥ ಮನೆಯೇ ಇಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೊತ್ತಿಲ್ಲ. ಇಂಟರ್‌ನೆಟ್ ಬೇಗ ಬರಲಿ ಎಂದು ಕೆಲವರು ಲ್ಯಾಬಿನ ಯಂತ್ರಗಳಿಗೆ 8.8.8.8 ಎಂಬ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಹಾಕುತ್ತಾರೆ. ಇಂಟರ್‌ನೆಟ್ ಚೆನ್ನಾಗಿ ಬರುತ್ತದೆ, ಲಾಗಿನ್ ಮಾತ್ರ ಆಗುವುದಿಲ್ಲ. ‘ಎರಡನೆಯದಾಗಿ ಇರಲಿ’ ಎಂದು ಹಾಕುವುದೂ ತಪ್ಪೇ. ಲ್ಯಾಬಿನ ಯಂತ್ರ ಒಳಗಿನ ಡಿಎನ್‌ಎಸ್ ಅನ್ನೇ ಕೇಳಬೇಕು, ಹೊರಗಿನದ್ದು ಬೇಕಾದರೆ ಆ ಒಳಗಿನ ಸರ್ವರ್ ಹೊರಗೆ ಕೇಳಿ ಹೇಳಲಿ. ‘ಎನ್‌ಎಸ್‌ಲುಕಪ್’ ಎಂದು ಬರೆದು ಮುಂದೆ ನಿಮ್ಮ ಡೊಮೈನಿನ ಹೆಸರು ಕೊಟ್ಟರೆ, ಯಾರನ್ನು ಕೇಳುತ್ತಿದೆ, ಏನು ಉತ್ತರ ಬಂತು ಎರಡೂ ತಿಳಿಯುತ್ತದೆ.

ನಾಲ್ಕನೆಯ ಮೆಟ್ಟಿಲು ದಾರಿ. ‘ಪಿಂಗ್’ ಮಾಡಿದರೆ ಉತ್ತರ ಬರುತ್ತದೆ, ಆದರೂ ಲಾಗಿನ್ ಆಗುವುದಿಲ್ಲ ಎಂದು ಹಲವರು ತಲೆ ಕೆಡಿಸಿಕೊಳ್ಳುತ್ತಾರೆ. ಪಿಂಗ್ ಎಂದರೆ ಗೇಟಿನ ಹೊರಗೆ ನಿಂತು “ಯಾರಾದರೂ ಇದ್ದೀರಾ?” ಎಂದು ಕೂಗಿದಂತೆ. ಒಳಗಿನಿಂದ “ಇದ್ದೇವೆ” ಎಂಬ ಉತ್ತರ ಬಂದರೂ ಒಳಗಿನ ಬಾಗಿಲುಗಳು ಮುಚ್ಚಿರಬಹುದು. ಲಾಗಿನ್‌ಗೆ ಹಲವು ಬಾಗಿಲು ಬೇಕು. ಡಿಎನ್‌ಎಸ್‌ಗೆ 53, ಕರ್ಬೆರೋಸ್‌ಗೆ 88, ಡೈರೆಕ್ಟರಿಗೆ 389, ಫೈಲು ಹಂಚಿಕೆಗೆ 445 ಹೀಗೆ ಅವುಗಳಿಗೆ ಸಂಖ್ಯೆಗಳಿವೆ. ಹೊಸದಾಗಿ ಹಾಕಿದ ಆ್ಯಂಟಿವೈರಸ್ ಅಥವಾ ಫೈರ್‌ವಾಲ್ ಇವುಗಳಲ್ಲಿ ಒಂದನ್ನು ಮುಚ್ಚಿದರೂ ಸಾಕು. ಸರ್ವರ್ ಆಗಷ್ಟೇ ಚಾಲು ಆಗಿದ್ದರೆ ಅದರ ಸೇವೆಗಳೆಲ್ಲ ಎದ್ದು ಕೂರಲು ಕೆಲವು ನಿಮಿಷ ಬೇಕು. ಕರೆಂಟ್ ಬಂದ ಕೂಡಲೇ ಗಡಿಬಿಡಿ ಮಾಡದೆ ಅಷ್ಟು ಹೊತ್ತು ತಾಳಿ.

ಐದನೆಯದು ಗಡಿಯಾರ. ಲಾಗಿನ್‌ಗೂ ಗಡಿಯಾರಕ್ಕೂ ಏನು ಸಂಬಂಧ ಎಂದು ನಿಮಗೆ ಆಶ್ಚರ್ಯವಾಗಬಹುದು. ಆಕ್ಟಿವ್ ಡೈರೆಕ್ಟರಿ ಬಳಸುವ ಕರ್ಬೆರೋಸ್ ಪದ್ಧತಿಯನ್ನು 1980ರ ದಶಕದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ರೂಪಿಸಲಾಯಿತು. ಗ್ರೀಕ್ ಪುರಾಣದ ಮೂರು ತಲೆಯ ಕಾವಲು ನಾಯಿಯ ಹೆಸರು ಅದಕ್ಕೆ. ಅದರಲ್ಲಿ ಪಾಸ್‌ವರ್ಡನ್ನು ವಯರಿನಲ್ಲಿ ಕಳಿಸುವುದಿಲ್ಲ, ಸಮಯ ಹಾಕಿದ ಟಿಕೆಟ್ ಕೊಡಲಾಗುತ್ತದೆ. ಹಳೆಯ ಟಿಕೆಟನ್ನು ಯಾರಾದರೂ ಕದ್ದು ಮತ್ತೆ ಬಳಸಬಾರದಲ್ಲವೇ? ಅದಕ್ಕಾಗಿ ಎರಡೂ ಯಂತ್ರಗಳ ಗಡಿಯಾರದ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರ ಇರಬಾರದು ಎಂಬ ನಿಯಮ. ಮದರ್‌ಬೋರ್ಡಿನ ಗುಂಡು ಸೆಲ್ ಮುಗಿದರೆ ಯಂತ್ರದ ಗಡಿಯಾರ ವರ್ಷಗಳಷ್ಟು ಹಿಂದೆ ಹೋಗುತ್ತದೆ. ಇನ್ನೊಂದು ಮೋಸ ಇದೆ. ಗಂಟೆ ಸರಿಯಾಗಿಯೇ ಕಾಣುತ್ತದೆ, ಆದರೆ ಸಮಯ ವಲಯ ಭಾರತದ ಬದಲು ಗ್ರೀನ್‌ವಿಚ್ ಎಂದಿರುತ್ತದೆ. ಕಣ್ಣಿಗೆ ವ್ಯತ್ಯಾಸವಿಲ್ಲ, ಒಳಗಿನ ಲೆಕ್ಕದಲ್ಲಿ ಐದೂವರೆ ಗಂಟೆ ತಪ್ಪು.

ಆರನೆಯದು ಯಂತ್ರದ ಸ್ವಂತ ಪಾಸ್‌ವರ್ಡ್. ನಿಮಗಿರುವಂತೆ ಡೊಮೈನಿಗೆ ಸೇರಿದ ಪ್ರತಿ ಕಂಪ್ಯೂಟರಿಗೂ ಒಂದು ಗುಪ್ತ ಪಾಸ್‌ವರ್ಡ್ ಇದೆ. ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಯಂತ್ರ ತಾನೇ ಅದನ್ನು ಬದಲಾಯಿಸುತ್ತದೆ. ಹಳೆಯ ಬ್ಯಾಕಪ್‌ನಿಂದ ಯಂತ್ರವನ್ನು ಹಿಂದಿನ ಸ್ಥಿತಿಗೆ ತಂದರೆ ಅದರ ಬಳಿ ಹಳೆಯ ಪಾಸ್‌ವರ್ಡ್, ಸರ್ವರ್ ಬಳಿ ಹೊಸದು. ಆಗ ಬರುವ ಸಂದೇಶವೇ ಬೇರೆ, ಯಂತ್ರ ಮತ್ತು ಡೊಮೈನಿನ ನಡುವಿನ ‘ವಿಶ್ವಾಸ ಸಂಬಂಧ’ ಮುರಿದಿದೆ ಎಂದು ಬರುತ್ತದೆ. ಆದ್ದರಿಂದ ಸಂದೇಶವನ್ನು ಪೂರ್ತಿ ಓದಿ, ಅಕ್ಷರಶಃ ಬರೆದುಕೊಳ್ಳಿ. ಇದಕ್ಕೂ ಯಂತ್ರವನ್ನು ಡೊಮೈನಿನಿಂದ ಕಿತ್ತು ಹಾಕಬೇಕಾಗಿಲ್ಲ. ಪವರ್‌ಶೆಲ್‌ನಲ್ಲಿ ಈ ಸಂಬಂಧವನ್ನು ಪರೀಕ್ಷಿಸಿ ರಿಪೇರಿ ಮಾಡುವ ಆದೇಶವೇ ಇದೆ.

ಈಗ ಮತ್ತೆ ಆ ಬೆಳಿಗ್ಗೆಗೆ ಬರೋಣ. ಈ ಮೆಟ್ಟಿಲುಗಳಲ್ಲಿ ನಾನು ಒಂದನ್ನೂ ಹತ್ತಲಿಲ್ಲ. ಕೆಟ್ಟ ಯಂತ್ರಗಳಲ್ಲಿ ಒಂದಕ್ಕೆ ನನ್ನ ಖಾತೆಯಲ್ಲಿ ಹೋಗಿ, ನೇರವಾಗಿ ಅದನ್ನು ಡೊಮೈನಿನಿಂದ ಹೊರಗೆ ತೆಗೆದೆ. ಮತ್ತೆ ಸೇರಿಸಿದರೆ ಸರಿಯಾಗುತ್ತದೆ ಎಂದುಕೊಂಡಿದ್ದೆ. ‘ಹೊರಬಂದ ಮೇಲೆ ಒಳಗೆ ಹೋಗಲು ಈ ಯಂತ್ರದ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಗೊತ್ತಿರಬೇಕು’ ಎಂಬ ಎಚ್ಚರಿಕೆ ಬಂತು. ಓದದೆ ಓಕೆ ಒತ್ತಿದೆ. ಯಂತ್ರ ಮತ್ತೆ ಚಾಲು ಆದಾಗ ಒಳಗೆ ಹೋಗಲು ನನ್ನಲ್ಲಿ ಯಾವ ಪಾಸ್‌ವರ್ಡೂ ಇರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪರೀಕ್ಷೆ ಮುಗಿಯುವವರೆಗೂ ಆ ಯಂತ್ರ ಸುಮ್ಮನೆ ಕುಳಿತಿತ್ತು.

ಹತ್ತೂವರೆಗೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬಂದರು. ಅವರು ಮೊದಲು ಕೇಳಿದ್ದು “ಯಾರು ಮಾಡಿದ್ದು?” ಎಂದಲ್ಲ, “ಎಷ್ಟು ಯಂತ್ರದಲ್ಲಿ ಆಗುತ್ತದೆ, ಎಷ್ಟರಲ್ಲಿ ಆಗುವುದಿಲ್ಲ?” ಎಂದು. ಆಗುವ ಒಂದರಲ್ಲಿ, ಆಗದ ಒಂದರಲ್ಲಿ ಅದೇ ಐಪಿಕಾನ್ಫಿಗ್ ಆದೇಶ ಕೊಟ್ಟು ಎರಡನ್ನೂ ನೋಡಿದರು. ಸರಿ ಇದ್ದ ಯಂತ್ರದ ವಿಳಾಸ 10ರಿಂದ ಶುರುವಾಗಿತ್ತು, ನಮ್ಮದು ಅದೇ. ಕೆಟ್ಟದ್ದರ ವಿಳಾಸ 192.168ರಿಂದ ಶುರುವಾಗಿತ್ತು. ಡಿಎನ್‌ಎಸ್ ಕೂಡ ಬೇರೆ. ವಿಳಾಸ ಹಂಚಿದವರೂ ಬೇರೆ ಯಾರೋ. “ನಮ್ಮ ಜಾಲದಲ್ಲಿ ಇನ್ನೊಬ್ಬರು ವಿಳಾಸ ಹಂಚುತ್ತಿದ್ದಾರೆ. ಹೊಸ ಡಬ್ಬಿ ಏನಾದರೂ ಹಾಕಿದ್ದೀರಾ?” ಎಂದು ಕೇಳಿದರು. ನಮ್ಮ ಅಟೆಂಡರ್ ಬಾಗಿಲ ಬಳಿ ನಿಂತಿದ್ದವರು ಹೇಳಿದರು: “ಸಾರ್, ನಿನ್ನೆ ಸಂಜೆ ಆಫೀಸಿನಲ್ಲಿ ವೈಫೈ ಡಬ್ಬಿ ಇಟ್ಟಿದ್ದಾರೆ.”

ಕಚೇರಿಯ ಒಬ್ಬರು ಒಳ್ಳೆಯ ಉದ್ದೇಶದಿಂದಲೇ, ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಬರಲಿ ಎಂದು ಮನೆಯಲ್ಲಿ ಬಳಸುವಂಥ ಒಂದು ಚಿಕ್ಕ ರೌಟರ್ ತಂದು, ಕಾಲೇಜಿನ ವಯರನ್ನು ಅದರ ಒಳಜಾಲದ ಕಿಂಡಿಗೆ ಚುಚ್ಚಿದ್ದರು. ಅಂಥ ಡಬ್ಬಿ ತಾನೇ ವಿಳಾಸ ಹಂಚಲು ತೊಡಗುತ್ತದೆ. ಬೆಳಿಗ್ಗೆ ಎಲ್ಲ ಯಂತ್ರಗಳು ಎದ್ದು ವಿಳಾಸ ಕೇಳಿದಾಗ ಯಾವುದಕ್ಕೆ ಸರ್ವರ್ ಮೊದಲು ಉತ್ತರ ಕೊಟ್ಟಿತೋ ಅದು ಬದುಕಿತು, ಯಾವುದಕ್ಕೆ ಆ ಡಬ್ಬಿ ಮೊದಲು ಉತ್ತರ ಕೊಟ್ಟಿತೋ ಅದು ದಾರಿ ತಪ್ಪಿತು. ಡಬ್ಬಿಯ ವಯರ್ ಕಿತ್ತು, ಯಂತ್ರಗಳಿಗೆ ಹೊಸದಾಗಿ ವಿಳಾಸ ಕೇಳಿಸಿದೆವು. ಕಾಲು ಗಂಟೆಯಲ್ಲಿ ಎಲ್ಲವೂ ಸರಿಯಾಯಿತು, ನಾನು ಡೊಮೈನಿನಿಂದ ಕಿತ್ತ ಒಂದನ್ನು ಬಿಟ್ಟು.

ಹಾಗಾದರೆ ಆ ಹುಡುಗನ ಖಾತೆ ಮಾತ್ರ ತೆರೆದದ್ದು ಹೇಗೆ? ವಿಂಡೋಸ್ ಒಂದು ಉಪಕಾರ ಮಾಡುತ್ತದೆ. ಒಂದು ಯಂತ್ರದಲ್ಲಿ ಹಿಂದೆ ಲಾಗಿನ್ ಆದವರ ಗುರುತನ್ನು, ಸಾಮಾನ್ಯವಾಗಿ ಕೊನೆಯ 10 ಮಂದಿಯದ್ದನ್ನು, ಅದು ತನ್ನೊಳಗೆ ನೆನಪಿಟ್ಟುಕೊಳ್ಳುತ್ತದೆ. ಸರ್ವರ್ ಸಿಗದಿದ್ದರೆ ಆ ನೆನಪಿನ ಮೇಲೆಯೇ ಒಳಗೆ ಬಿಡುತ್ತದೆ. ಲ್ಯಾಪ್‌ಟಾಪನ್ನು ಮನೆಗೆ ಒಯ್ದವರಿಗೂ ಕೆಲಸ ಮಾಡಲು ಸಾಧ್ಯವಾಗುವುದು ಇದರಿಂದಲೇ. ಹುಡುಗ ಹಿಂದಿನ ಸಂಜೆ ಅದೇ ಯಂತ್ರದಲ್ಲಿ ಕೂತಿದ್ದ, ಆದ್ದರಿಂದ ಅದಕ್ಕೆ ಅವನ ನೆನಪಿತ್ತು. ಪರೀಕ್ಷೆಯ ಖಾತೆಗಳು ಹೊಸವು, ನೆನಪಿರಲಿಲ್ಲ. ನನ್ನ ಖಾತೆ ತೆರೆದದ್ದೂ ಇದೇ ಕಾರಣಕ್ಕೆ. ನನ್ನದು ತೆರೆದಾಗ ನನಗೆ ಸಂಶಯ ಬರಲಿಲ್ಲ, ಅವನದ್ದು ತೆರೆದಾಗ ಬಂತು! ಅವನು ಹೆಚ್ಚು ಹೊತ್ತು ಕುಳಿತು ಓದಿದ್ದೇ ಅವನ ವಿರುದ್ಧ ಸಾಕ್ಷಿಯಾಯಿತು. ಮೇಜಿನ ಹಿಂದೆ ಬಗ್ಗಿ ಅವನು ಹಿಡಿದದ್ದು ಕಳಚಿಹೋಗಿದ್ದ ಮೌಸಿನ ವಯರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ಆದ್ದರಿಂದ ‘ಒಬ್ಬರದ್ದು ಹೋಗುತ್ತದೆ, ಇನ್ನೊಬ್ಬರದ್ದು ಹೋಗುವುದಿಲ್ಲ’ ಎಂದಾಗ, ಹೋದವರು ನಿಜವಾಗಿ ಸರ್ವರ್ ತಲುಪಿದ್ದಾರೆಯೇ ಎಂದು ನೋಡಿ. ಒಳಗೆ ಹೋಗಿ ಸರ್ವರಿನಲ್ಲಿರುವ ಹಂಚಿಕೆಯ ಫೋಲ್ಡರ್ ತೆರೆಯಲು ಪ್ರಯತ್ನಿಸಿ. ತೆರೆಯದಿದ್ದರೆ ಆ ಲಾಗಿನ್ ಬರೀ ನೆನಪಿನ ಬಲದಲ್ಲಿ ಆದದ್ದಿರಬಹುದು.

ಮಧ್ಯಾಹ್ನದ ತಂಡದಲ್ಲಿ ಹುಡುಗ ಪರೀಕ್ಷೆ ಬರೆದ. ಸಂಜೆ ಅವನ ಬಳಿ ಹೋಗಿ, ಅವನ ಸಹಪಾಠಿಗಳ ಎದುರಿಗೇ ಕ್ಷಮೆ ಕೇಳಿದೆ. ಅವರೆಲ್ಲರ ಎದುರಿಗೆ ಆರೋಪ ಹೊರಿಸಿದ ಮೇಲೆ ಕ್ಷಮೆಯನ್ನು ಗುಟ್ಟಾಗಿ ಕೇಳುವುದು ನ್ಯಾಯವಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಇರಲಿ ಸಾರ್, ಆದರೆ ನನ್ನದು ಯಾಕೆ ಹೋಯಿತು ಎಂದು ಈಗಲಾದರೂ ಹೇಳಿ” ಎಂದ. ನಾನು ಇಡೀ ಬೆಳಿಗ್ಗೆ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ನಾನು ಕೇಳಿಕೊಂಡಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಊರಿನ ಶಾಲೆಯಲ್ಲೋ, ಬೆಂಗಳೂರಿನ ಕಂಪೆನಿಯಲ್ಲೋ, ಗಲ್ಫ್ ರಾಷ್ಟ್ರದ ಆಸ್ಪತ್ರೆಯಲ್ಲೋ ಇದೇ ಕೆಲಸಕ್ಕೆ ಸೇರುತ್ತೀರಿ. ಇಂದು ಎಷ್ಟೋ ಕಡೆ ಲಾಗಿನ್ ಸರ್ವರ್ ಪಕ್ಕದ ಕೋಣೆಯಲ್ಲಿ ಇರುವುದಿಲ್ಲ, ಇಂಟರ್‌ನೆಟ್ಟಿನಾಚೆ ಎಲ್ಲೋ ಇರುತ್ತದೆ. ಆದರೂ ವಯರ್, ವಿಳಾಸ, ಹೆಸರು, ದಾರಿ, ಗಡಿಯಾರ ಎಂಬ ಮೆಟ್ಟಿಲುಗಳು ಬದಲಾಗಿಲ್ಲ. ಲ್ಯಾಬಿನ ಹೊಣೆ ಹೊತ್ತಿರುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ಪ್ರತಿ ಯಂತ್ರದ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಬೀಗದೊಳಗೆ ಭದ್ರವಾಗಿಡಿ. ಸಾಧ್ಯವಾದರೆ ಎರಡನೆಯ ಡೊಮೈನ್ ಕಂಟ್ರೋಲರ್ ಇಡಿ. ಯಾರೇ ಆಗಲಿ ಜಾಲಕ್ಕೆ ಹೊಸ ಡಬ್ಬಿ ಸೇರಿಸುವ ಮುನ್ನ ನಿಮಗೆ ಹೇಳುವ ಪದ್ಧತಿ ಮಾಡಿ. ಪರೀಕ್ಷೆಯ ಖಾತೆಗಳನ್ನು ಹಿಂದಿನ ದಿನವೇ ಪ್ರತಿ ಯಂತ್ರದಲ್ಲೂ ತೆರೆದು ನೋಡಿ. ಒಂದು ನೋಟ್‌ಬುಕ್ ಇಟ್ಟು, ಯಾವ ದಿನ ಏನು ಬದಲಾಯಿಸಿದಿರಿ ಎಂದು ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಸರಿಯಾಗದಿದ್ದರೆ ಅದನ್ನು ಮೊದಲಿದ್ದಂತೆ ಮಾಡಿ ಮುಂದಿನದಕ್ಕೆ ಹೋಗಿ.

ಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು, ತಡವಾದ ಪರೀಕ್ಷೆಯನ್ನು ಮಧ್ಯಾಹ್ನ ನಡೆಸಬಹುದು. ಒಬ್ಬ ಹುಡುಗ ಬೆಂಚಿನ ಮೇಲೆ ಕಳ್ಳನಂತೆ ಕೂತ ಆ ಎರಡು ಗಂಟೆಯನ್ನು ಹಿಂದಕ್ಕೆ ಕೊಡಲು ನನ್ನಿಂದ ಆಗಲಿಲ್ಲ. ಪರದೆಯ ಮೇಲೆ ‘ಸರ್ವರ್ ಸಿಗುತ್ತಿಲ್ಲ’ ಎಂದು ಬಂದಾಗ ಮೊದಲು ವಯರ್ ನೋಡಿ, ವಿಳಾಸ ನೋಡಿ. ಪಕ್ಕದಲ್ಲಿ ನಿಂತವರ ಮುಖವನ್ನು ಆಮೇಲೆ ನೋಡಿದರಾಯಿತು.